ಕಿಸುಕಾಡಿನ ಸೂಡಿ

ಬೆಳವಣಕಿಯ ಎರೆಹೊಲಗಳನ್ನು ಬಿಟ್ಟು, ರೋಣವನ್ನು ದಾಟಿ ಪೂರ್ವಕ್ಕೆ ನಡೆದರೆ ನೆಲದ ಮುಖವು ಮೆಲ್ಲಗೆ ಬದಲಾಗತೊಡಗುವದು. ಜೋಳ, ಹತ್ತಿಗಳನ್ನು ಬೆಳೆಯುವ ಕರಿಯ ಬಯಲು ಹಿಂದೆ ಸರಿದು, ಗಜೇಂದ್ರಗಡದ ಗುಡ್ಡಗಳ ಸಾಲು ಎದುರಿಗೆ ಕಾಣಿಸುವದು. ಈ ದಾರಿಯಲ್ಲಿ ಸಿಗುವ ಚಿಕ್ಕ ಗ್ರಾಮವೇ ಸೂಡಿ. ಪೂರ್ವದಲ್ಲಿ ಇದು 'ಕಿಸುಕಾಡು 70' ಎಂಬ ನಾಡಿಗೆ ಸೇರಿತ್ತು. ಕಿಸು ಎಂದರೆ ಕೆಂಪು. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲ್ ಎಂಬುದರಲ್ಲಿಯೂ ಇದೇ ಶಬ್ದವಿರುವದು.

ಊರಿನ ಹೆಸರು ಬಹು ಹಳೆಯದು. ಗಂಗರ ಬೂತುಗನದೆಂದು ಹೇಳುವ, ಶಕ 860ರ (ಕ್ರಿ.ಶ. 938) ತಾಮ್ರಪಟಗಳಲ್ಲಿ ಇಲ್ಲಿಯ ಒಂದು ಜಿನಾಲಯಕ್ಕೆ ದತ್ತಿ ಕೊಟ್ಟ ಸಂಗತಿಯುಂಟು. ಆ ಪಟಗಳು ಖೊಟ್ಟಿಯವೆಂದು ಫ್ಲೀಟ್ ಸಾಹೇಬರು ತೀರ್ಮಾನಿಸಿದರು. ಆದರೆ ಬೆಲೆಯಿಲ್ಲದ ಊರಿನ ಸಲುವಾಗಿ ಖೊಟ್ಟಿ ಪಟಗಳನ್ನು ಬರೆಯಿಸುವ ಶ್ರಮವನ್ನಾದರೂ ಯಾರು ಪಟ್ಟಾರು?

ಸೂಡಿಯ ನಿಜವಾದ ಇತಿಹಾಸವು ಅಕ್ಕಾದೇವಿಯೊಡನೆ ಬೆಳಕಿಗೆ ಬರುವದು. ಈಕೆ ಕಲ್ಯಾಣದ ಚಾಲುಕ್ಯರಾದ ಐದನೆಯ ವಿಕ್ರಮಾದಿತ್ಯ, ಎರಡನೆಯ ಜಯಸಿಂಹರ ಸಹೋದರಿ. 'ಗುಣದ ಬೆಡಂಗಿ' ಎಂಬ ಬಿರುದುಳ್ಳವಳು. 1010ರಲ್ಲಿ ಕಿಸುಕಾಡನ್ನು ಆಳುತ್ತಿದ್ದ ಈ ಅರಸಿ, ನಾಲ್ವತ್ತು ವರ್ಷಗಳ ತರುವಾಯವೂ ಅಧಿಕಾರದಲ್ಲಿಯೇ ಇದ್ದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳೂ ಈಕೆಯೇ.

ಅದೇ ಕಾಲದಲ್ಲಿ ದಕ್ಷಿಣದಿಂದ ಚೋಳರ ದಂಡು ಏರಿ ಬಂದಿತು. ರಾಜಾಧಿರಾಜನು ಕಲ್ಯಾಣವನ್ನೇ ಸುಟ್ಟು, ಅಲ್ಲಿಯ ದ್ವಾರಪಾಲಕ ಶಿಲೆಯನ್ನು ತಮಿಳುನಾಡಿಗೆ ಒಯ್ದನು. ರಾಜಧಾನಿಯ ಗತಿಯೇ ಹೀಗಾದ ಮೇಲೆ ಸೂಡಿಯಂಥ ಊರಿನ ಪಾಡನ್ನು ಕೇಳಬೇಕೆ? ಸೂಡಿಯ ಆಡಳಿತವು ಎಂಟು ಜನ ಸೆಟ್ಟಿಗಳ ಮತ್ತು ಎಂಬತ್ತು ಒಕ್ಕಲುಗಳ ಕೈಯಲ್ಲಿತ್ತು. ಅವರ ಹಕ್ಕುಬಾಧ್ಯತೆಗಳನ್ನು ಗೊತ್ತುಪಡಿಸಿದ ಕಟ್ಟಳೆಯು ಚೋಳರ ಕಾಳಗದ ಹಾವಳಿಯಲ್ಲಿ ಕೆಟ್ಟುಹೋಯಿತು.

ಶಕ 973ರಲ್ಲಿ, ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಅಕ್ಕಾದೇವಿಯ ಅಧಿಕಾರಿಗಳು ಈ ಕಟ್ಟಳೆಯನ್ನು ಪುನಃ ಊರ್ಜಿತಗೊಳಿಸಿ ಕಲ್ಲಿನಲ್ಲಿ ಕೊರೆಯಿಸಿದರು. ಶಾಸನಗಳೆಂದರೆ ದಾನದತ್ತಿಗಳ ಪಟ್ಟಿಗಳೆಂದೇ ಅನೇಕರ ಭಾವನೆ. ಇಲ್ಲಿಯಾದರೋ ಅರಸಿಯು ಊರವರಿಗೆ ಊರನ್ನು ಒಪ್ಪಿಸಿಕೊಟ್ಟಿದ್ದಾಳೆ. ಆಳುವವರು ತಮಗೆ ಮಾತ್ರವೇ ಅನುಕೂಲವನ್ನು ನೋಡಿಕೊಳ್ಳುವದಾಗಿದ್ದರೆ, ಕೆಟ್ಟುಹೋದದ್ದನ್ನು ಕೆಟ್ಟಂತೆಯೇ ಬಿಟ್ಟು, ಸುಂಕವನ್ನು ನೇರವಾಗಿ ಎತ್ತಿಕೊಳ್ಳುವದು ಸುಲಭವಾಗಿತ್ತು. ಹಾಗಾಗಲಿಲ್ಲ. ಪಾಶ್ಚಾತ್ಯ ದೇಶಗಳ ಪಟ್ಟಣಗಳು ತಮ್ಮ ದೊರೆಗಳಿಂದ ಪಡೆದ ಸನದುಗಳನ್ನು ಹೊಗಳುವವರು ಈ ಕಲ್ಲನ್ನೂ ಒಮ್ಮೆ ಓದಬೇಕು. ಸೂಡಿಯ ಶಾಸನಗಳನ್ನು ಬಾರ್ನೆಟ್ ಪಂಡಿತರು 'ಎಪಿಗ್ರಾಫಿಯಾ ಇಂಡಿಕಾ'ದ 15ನೆಯ ಸಂಪುಟದಲ್ಲಿ ಪ್ರಕಟಿಸಿರುವರು.

ಊರು ಚೇತರಿಸಿಕೊಂಡಿತೆಂಬುದಕ್ಕೆ ಕಟ್ಟಡಗಳೇ ಸಾಕ್ಷಿ. ಸುಮಾರು 1060ರ ವೇಳೆಗೆ ದಂಡನಾಯಕ ನಾಗದೇವನು ಇಲ್ಲಿ ನಾಗೇಶ್ವರ ದೇಗುಲವನ್ನು ಎತ್ತಿಸಿದನು. ಒಂದೇ ಮಂಟಪದ ಎರಡು ಬದಿಗೆ ಎರಡು ಗರ್ಭಗೃಹಗಳೂ ಎರಡು ಶಿಖರಗಳೂ ಇರುವದರಿಂದ ಜನರು ಇದನ್ನು ಜೋಡುಕಳಸದ ಗುಡಿ ಎಂದೇ ಕರೆಯುವರು. ಮಲ್ಲಿಕಾರ್ಜುನನ ಗುಡಿಯೂ ಒಂದೇ ಕಲ್ಲಿನ ದೊಡ್ಡ ಗಣಪತಿಯೂ ನೋಡತಕ್ಕವು. ನಾಗಕುಂಡವೆಂಬ ಪುಷ್ಕರಣಿಯಲ್ಲಿ ಗೋಡೆಗಳಿಗೆ ಕೆತ್ತನೆಯ ಅಲಂಕಾರವಿದ್ದು, ಮೆಟ್ಟಿಲುಗಳು ನೀರಿನವರೆಗೆ ಇಳಿಯುವವು.