ನವದರ್ಶನಂ
ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ತಳಿ ಸಮೀಪ, ಕನ್ನಡಿಗರು ನೆಲೆಸಿರುವ ಗುಮ್ಮಳಾಪುರದ ಬಳಿ ಇರುವ ಪರಿಸರ ಕಲಿಕೆ ಹಾಗೂ ಸರಳ ಜೀವನದ ಸಮುದಾಯ ಕೇಂದ್ರ. ಗಾಂಧಿ ವಿಚಾರಗಳಿಂದ ಪ್ರೇರಿತರಾದವರು 1990ರಲ್ಲಿ ಟ್ರಸ್ಟ್ ಆಗಿ ಸ್ಥಾಪಿಸಿದರು. ನೂರು ಎಕರೆಗೂ ಹೆಚ್ಚಿನ ಇಲ್ಲಿನ ಭೂಮಿ ಮೊದಲು ಸವೆದು ಬರಡಾಗಿತ್ತು. ಇಲ್ಲಿನ ಮುಖ್ಯ ಪ್ರಯೋಗವೆಂದರೆ ನೆಲವನ್ನು ಅದರ ಪಾಡಿಗೆ ಬಿಟ್ಟದ್ದು: ದನ-ಮೇಕೆ ಮೇಯಿಸುವುದು, ಮರ ಕಡಿಯುವುದು, ಬೆಂಕಿ ಹಾಕುವುದು ನಿಂತ ಮೇಲೆ ಮಣ್ಣಿನಲ್ಲುಳಿದ ಬೇರು, ಬೊಡ್ಡೆಗಳೇ ಚಿಗುರಿ ಕುರುಚಲು ಕಾಡು ಮರಳಿತು, ಪಕ್ಕದ ಮೀಸಲು ಅರಣ್ಯದ ಆನೆಗಳೂ ಬರತೊಡಗಿದವು. ಮನೆಗಳಿಗೆ ಮಣ್ಣಿನ ಇಟ್ಟಿಗೆ, ವಿದ್ಯುತ್ತಿಗೆ ಸೌರಶಕ್ತಿ. ಸುತ್ತಲಿನ ಹಳ್ಳಿಯ ಮಹಿಳೆಯರು ರಾಗಿ, ಸಿರಿಧಾನ್ಯಗಳ ತಿನಿಸು ತಯಾರಿಸುತ್ತಾರೆ. ಗಿಡ ನೆಡುವುದಕ್ಕಿಂತ ನೆಲವನ್ನು ಕಾಯುವುದರಿಂದಲೇ ಕಾಡು ಮರಳಬಲ್ಲದು ಎಂಬುದಕ್ಕೆ ಹೊಸೂರು ಸೀಮೆಯಲ್ಲಿ ಇದು ಗಮನಾರ್ಹ ನಿದರ್ಶನ. ಪರಿಸರಾಸಕ್ತರಿಗೆ ಇಲ್ಲಿ ಶಿಬಿರಗಳು ನಡೆಯುತ್ತವೆ.