ಯಾವ ಗುಡಿಯ ಲಿಂಗ?

ತಂಗಿಯ ಮಗಳು ಈ ವರ್ಷ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಎಂ.ಎ. ಓದುತ್ತಿದ್ದಾಳೆ. ವಿಷಯ ಜೆಂಡರ್ ಹಿಸ್ಟರಿ. ರಾತ್ರಿ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದವಳನ್ನು ನಮ್ಮವ್ವ ಕೇಳಿದಳು, ‘ಏನ್ ಓದಾಕತ್ತೀಯವ್ವಾ?’ ಇವಳು ಕನ್ನಡಕ್ಕೆ ತಿರುಗಿಸಿ, ‘ಲಿಂಗ ಚರಿತ್ರೆ, ಅಜ್ಜಿ’ ಅಂದಳು. ‘ಯಾವ ಗುಡೀದು?’ ಎಂದಳು ಅವ್ವ.

ನಾವು ನಕ್ಕೆವು. ಆದರೆ ಅವ್ವನ ಪ್ರಶ್ನೆಯಲ್ಲಿ ತಪ್ಪೇನಿತ್ತು? ಅವಳ ಕಿವಿಗೆ ಆ ಪದದ ಮೊದಲ ಅರ್ಥ ಅದೇ.

ಶಾಸ್ತ್ರ ಕೇಳಿದರೆ ಅದಕ್ಕೂ ಆಚೆ ಹೋಗಬೇಕು. ಸಂಸ್ಕೃತದಲ್ಲಿ ಲಿಂಗವೆಂದರೆ ಗುರುತು. ಬೆಟ್ಟದಲ್ಲಿ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ಊಹಿಸುತ್ತೇವಲ್ಲ, ನ್ಯಾಯಶಾಸ್ತ್ರದವರಿಗೆ ಆ ಹೊಗೆಯೇ ಲಿಂಗ. ಶಿವನ ಗುರುತಾಗಿ ಪದ ಗುಡಿ ಸೇರಿತು. 12ನೇ ಶತಮಾನದ ಶರಣರು ಅದನ್ನು ಗುಡಿಯಿಂದ ಅಂಗೈಗೆ ತಂದರು. ಇಷ್ಟಲಿಂಗ ಕಟ್ಟುವಾಗ ಹೆಣ್ಣು ಗಂಡೆಂದು ನೋಡಲಿಲ್ಲ. ಹಳ್ಳಿಯ ಬಾಯಲ್ಲಿ ಲಕಾರ ನಕಾರವಾಗಿ ನಿಂಗಪ್ಪನೂ ಹುಟ್ಟಿದ, ನಿಂಗವ್ವನೂ ಹುಟ್ಟಿದಳು.

ವ್ಯಾಕರಣದವರ ಲಿಂಗದ್ದು ಬೇರೆಯೇ ಸಂಸಾರ. ಸಂಸ್ಕೃತದಲ್ಲಿ ಹೆಂಡತಿಯನ್ನು ‘ಭಾರ್ಯಾ’ ಎಂದರೆ ಸ್ತ್ರೀಲಿಂಗ, ‘ದಾರ’ ಎಂದರೆ ಪುಲ್ಲಿಂಗ, ‘ಕಲತ್ರ’ ಎಂದರೆ ನಪುಂಸಕ. ಮನೆಯಲ್ಲಿರುವವಳು ಒಬ್ಬಳೇ! ಕನ್ನಡ ಈ ಗೋಜಿಗೆ ಹೋಗದೆ ಅರ್ಥ ನೋಡಿ ಲಿಂಗ ಹೇಳುತ್ತದೆ. ಹಾಗೆಂದು ನಾವು ಬೀಗಬೇಕಿಲ್ಲ. ಶಾಲೆಯ ವ್ಯಾಕರಣ ನೆನಪಿಸಿಕೊಳ್ಳಿ: ಹುಡುಗಿ ‘ಸ್ತ್ರೀನಪುಂಸಕಲಿಂಗ’. ‘ಹುಡುಗಿ ಬಂದಳು’, ‘ಹುಡುಗಿ ಬಂತು’ ಎರಡೂ ಸರಿ. ‘ಹುಡುಗ ಬಂತು’ ಎಂದು ಬರೆದಿದ್ದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ಹವ್ಯಕರ ಮಾತಿನಲ್ಲಂತೂ ಅಕ್ಕನೂ ‘ಬಂತು’, ಅಮ್ಮನೂ ‘ಬಂತು’. ಅದರಲ್ಲಿ ಸಲಿಗೆ ಎಷ್ಟು, ಸಸಾರ ಎಷ್ಟು? ನಮ್ಮ ಹುಡುಗಿ ಪ್ರಬಂಧಕ್ಕೆ ವಿಷಯ ಹುಡುಕಿ ದೂರ ಹೋಗಬೇಕಾಗಿಯೇ ಇಲ್ಲ.

ಇಂಗ್ಲಿಷಿನ ಜೆಂಡರ್ ಕೂಡ ಬಹುಕಾಲ ವ್ಯಾಕರಣದ ಮನೆಯಲ್ಲೇ ಇತ್ತು. ಅದರ ಬೇರು ಲ್ಯಾಟಿನ್ನಿನ ‘ಗೆನುಸ್’, ಅಂದರೆ ಬಗೆ, ಜಾತಿ. 1955ರಲ್ಲಿ ಜಾನ್ ಮನಿ ಎಂಬ ಮನೋವಿಜ್ಞಾನಿ ಹೆಣ್ತನ ಗಂಡುತನಗಳ ನಡವಳಿಕೆಗೆ ಆ ಪದ ಬಳಸಿದ. 1972ರಲ್ಲಿ ಆನ್ ಓಕ್ಲಿ, ದೇಹದ್ದು ಸೆಕ್ಸ್, ಸಮಾಜ ಕಟ್ಟಿದ್ದು ಜೆಂಡರ್ ಎಂದು ಗೆರೆ ಹಾಕಿದಳು. 1986ರಲ್ಲಿ ಇತಿಹಾಸಕಾರ್ತಿ ಜೋನ್ ಸ್ಕಾಟ್, ಚರಿತ್ರೆ ಓದುವುದಕ್ಕೇ ಇದು ಒಂದು ಸಾಧನ ಎಂದು ಲೇಖನ ಬರೆದಳು. ಚರಿತ್ರೆಯಲ್ಲಿ ಬಿಟ್ಟುಹೋದ ಹೆಂಗಸರನ್ನು ತಂದು ಸೇರಿಸಿದರಷ್ಟೇ ಸಾಲದು, ಹೆಣ್ಣು ಗಂಡೆಂಬ ಭೇದವನ್ನು ಅಧಿಕಾರ ಹೇಗೆ ಬಳಸಿಕೊಂಡಿತೆಂದು ಕೇಳಬೇಕು ಎಂಬುದು ಅವಳ ವಾದ. ಈ ಓದಿಗೆ ಕೈಹಾಕಿದವರಾರೂ ಆ ಲೇಖನವನ್ನು ದಾಟಿ ಹೋಗುವಂತಿಲ್ಲ.

ಸೆಕ್ಸ್‌ಗೂ ಜೆಂಡರ್‌ಗೂ ನಡುವೆ ಓಕ್ಲಿ ಹಾಕಿದ ಆ ಗೆರೆ ಕನ್ನಡದಲ್ಲಿ ಅಳಿಸಿಹೋಗುತ್ತದೆ. ‘ಭ್ರೂಣಲಿಂಗ ಪತ್ತೆ’ಯಲ್ಲಿ ಲಿಂಗ ದೇಹದ್ದು, ‘ಲಿಂಗ ತಾರತಮ್ಯ’ದಲ್ಲಿ ಸಮಾಜದ್ದು. 2011ರ ಜನಗಣತಿಯಲ್ಲಿ ಕರ್ನಾಟಕದ ಲಿಂಗಾನುಪಾತ 973 ಎನ್ನುವಾಗ ಲೆಕ್ಕಕ್ಕೆ ಬಂದದ್ದು ದೇಹ. ಆದರೆ ಅಷ್ಟು ಹೆಣ್ಣುಗಳು ಎಲ್ಲಿ ಕಡಿಮೆಯಾದರು ಎಂದು ಕೇಳಿದರೆ ಉತ್ತರ ಕೊಡಬೇಕಾದದ್ದು ಸಮಾಜ. 2014ರಲ್ಲಿ ಸುಪ್ರೀಂ ಕೋರ್ಟು, ತಾನು ಹೆಣ್ಣೋ ಗಂಡೋ ಎರಡೂ ಅಲ್ಲವೋ ಎಂದು ಹೇಳಿಕೊಳ್ಳುವ ಹಕ್ಕು ವ್ಯಕ್ತಿಯದೇ ಎಂದು ತೀರ್ಪಿತ್ತಿತು. ನಮ್ಮ ಪತ್ರಿಕೆಗಳಲ್ಲಿ ಈಗ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಮಾತು ನೆಲೆಯೂರಿದೆ. ಆ ಸಣ್ಣ ‘ತ್ವ’ ಪ್ರತ್ಯಯ ಬೇಕಾದ ಕೆಲಸ ಮಾಡಿದೆ.

ಜೆಂಡರ್ ಎಂದೇ ಬರೆದರಾಯಿತು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಜೆಂಡರಿನ ಬೇರಿನಲ್ಲಿರುವ ‘ಬಗೆ’ ಎಂದರೆ ಮೊದಲೇ ಇದ್ದದ್ದು. ಲಿಂಗದ ಬೇರಿನಲ್ಲಿರುವ ‘ಗುರುತು’ ಎಂದರೆ ಯಾರೋ ಹಾಕಿದ್ದು, ಯಾರೋ ಓದಿದ್ದು. ಈ ಶಾಸ್ತ್ರ ಹೇಳಹೊರಟಿರುವುದೂ ಅದನ್ನೇ. ಹುಡುಗಿ ತನ್ನ ನೋಟ್‌ಬುಕ್ಕಿನ ಮೇಲೆ ‘ಲಿಂಗತ್ವ ಚರಿತ್ರೆ’ ಎಂದು ತಿದ್ದಿ ಬರೆದುಕೊಂಡಿದ್ದಾಳೆ. ಅವ್ವನಿಗೆ ಮಾತ್ರ, ‘ಹೆಣ್ಣು ಗಂಡು ಅಂತ ಗುರುತು ಹಾಕಿದ ಕತಿ ಅಜ್ಜಿ’ ಎಂದಳು.

‘ಅದನ್ನ ಓದಾಕ ಎರಡು ವರ್ಷ ಸಾಕೇನ?’ ಎಂದಳು ಅವ್ವ.