ಕುರಿಹಟ್ಟಿ ಬೀಡು ಬಿಟ್ಟ ಹೊಲ

ಬ್ಯಾಡಗಿ ತಾಲೂಕಿನ ಕದರಮಂಡಲಗಿ ಎಂದಕೂಡಲೇ ನೆನಪಾಗುವುದು ಕಾಂತೇಶನ, ಅಂದರೆ ಹನುಮಂತನ ಗುಡಿ. ಸುತ್ತಲಿನ ಹೊಲಗಳಿಗೂ ಚರಿತ್ರೆಯಿದೆ, ಊರಿಂದೂರಿಗೆ ಹಿಂಡು ಹೊಡೆದುಕೊಂಡು ಹೋಗುವ ಹಾಲುಮತದ, ಅಂದರೆ ಕುರುಬ ಸಮುದಾಯದ ಕುರಿಗಾರರದು. ಅವರನ್ನು ಗೊತ್ತುಗುರಿಯಿಲ್ಲದ ಅಲೆಮಾರಿಗಳೆಂದು ತಿಳಿಯುವುದು ತಪ್ಪು. ಬೀಡಿಗೆ ಜಾಗ ಆರಿಸಲು ನೆಲದ ಆಳವಾದ ತಿಳಿವಳಿಕೆ ಬೇಕು. ಕೆರೆ ಹತ್ತಿರವಿರಬೇಕು, ಆದರೆ ಮಳೆನೀರು ನಿಲ್ಲಬಾರದು. ಎರೆಮಣ್ಣಿನ ಕೆಸರಿನಲ್ಲಿ ಗೊರಸು ಕೊಳೆಯುತ್ತದೆ. ರಾಣೆಬೆನ್ನೂರಿನ ಕುರುಚಲು ಕಾಡಿನ ಕಡೆ ತೋಳದ ಭಯ, ಹಾಗಾಗಿ ಬಲೆ ಕಟ್ಟಿ, ನಾಯಿ ಬಿಟ್ಟು, ಕಂಬಳಿ ಹೊದ್ದು ಸರದಿಯಲ್ಲಿ ಕಾವಲಿರಬೇಕು. ಎಲ್ಲಕ್ಕೂ ಮೊದಲು ಹೊಲದವನ ಒಪ್ಪಿಗೆ ಬೇಕು. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದರೆ, ಅಂದರೆ ರಾತ್ರಿ ಕೂಡಿಹಾಕಿದರೆ, ಹಿಕ್ಕೆ, ಗಂಜಲ ನೇರವಾಗಿ ಮಣ್ಣಿಗೆ ಸೇರುತ್ತವೆ. ಗೊಬ್ಬರ ಹೇರಲು ಚಕ್ಕಡಿ ಹೂಡಬೇಕಿಲ್ಲ. ಪ್ರತಿಯಾಗಿ ಕುರಿಗಾರನಿಗೆ ಜೋಳ ಇಲ್ಲವೇ ರೊಕ್ಕ. ಇದು ಒಕ್ಕಲುತನದ ಒಳಗಿನದೇ ಕಸುಬು.

ಹಿಂಡು ಬಯಲನ್ನು ಬೋಳು ಮಾಡುತ್ತದೆ ಎಂಬ ಆಕ್ಷೇಪವುಂಟು. ವರ್ಷವಿಡೀ ಒಂದೇ ಕಡೆ ಮೇಯಿಸಿದರೆ ಅದು ನಿಜ. ಆದರೆ ಈ ಬೀಡು ಕೆಲವೇ ರಾತ್ರಿಗಳದು. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯವಾದ ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನಲ್ಲಿ ಹುಲ್ಲನ್ನು ಹಿಂದೆ ಸರಿಸಿದ್ದರಲ್ಲಿ ನೀಲಗಿರಿ ನೆಡುತೋಪುಗಳ ಪಾಲು ದೊಡ್ಡದು, ಅದನ್ನು ಕುರಿಗಳ ತಲೆಗೆ ಕಟ್ಟುವುದು ಅನ್ಯಾಯ. ರಸಗೊಬ್ಬರ ಬಂದಮೇಲೆ ಕುರಿ ಯಾರಿಗೆ ಬೇಕು ಎನ್ನುವವರೂ ಇದ್ದಾರೆ. ಆದರೆ 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯ ಈ ನಾಡಿನಲ್ಲಿ ರೈತರು ಇಂದಿಗೂ ಹಣ ಕೊಟ್ಟು ಕುರಿ ತರುಬಿಸುತ್ತಾರೆ. ಕುರಿಗಾರನಿಗೆ ನಿಜವಾಗಿ ಕಷ್ಟವಾದದ್ದು ಬೇರೆ: ಕೊಳವೆಬಾವಿ, ಕಾಲುವೆ ಬಂದಲ್ಲಿ ಎರಡನೆಯ ಬೆಳೆಯೂ ಶುರುವಾಯಿತು, ಹೊಲ ಖಾಲಿ ಬೀಳುವ ತಿಂಗಳುಗಳೇ ಕಡಿಮೆಯಾದವು.